ಗಂಜಿಯ ಮೇಲಿನ ಷರಾ

ಅಂಥಾದ್ದೇನ ಹಾಕಿದ್ರಿ ಬಾಯಾರ ಗಂಜ್ಯಾಗ, ಇಷ್ಟ ಹೊಟ್ಟಿ ಕೆಡಾಕ — ಪಕ್ಕದ ಖುರ್ಚಿಯ ಲಕ್ಕಪ್ಪನ ಹೆಂಡತಿ ರುಕ್ಮವ್ವ ಕೇಳಿದಳು, ದನಿಯಲ್ಲಿ ಕುಹಕವೇನೂ ಇರಲಿಲ್ಲ, ಉಪ್ಪಿನಬೆಟಗೇರಿಯ ಮನೆಯ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತ ಕೇಳುವ ಹಾಗೆ ಕೇಳಿದಳು, ಆದರೂ ವಿದ್ಯಾನಗರದ ಈ ಆಸ್ಪತ್ರೆಯ ಮಹಡಿ ಕೋಣೆಯಲ್ಲಿ, ಒರಗುಖುರ್ಚಿಗಳ ಸಾಲಿನಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದವರೆಲ್ಲ ಒಮ್ಮೆ ಕತ್ತು ಹೊರಳಿಸಿ ಸುಲಭಾಬಾಯಿಯನ್ನು ನೋಡಿದರು, ನೋಡಲಿ, ಗಂಜಿ ಕುಡಿಸಿ ಗಂಡನ ಹೊಟ್ಟೆ ಕೆಡಿಸಿದವಳು ಹೇಗಿರುತ್ತಾಳೆ ಅಂತ ಅವರಿಗೂ ಗೊತ್ತಾಗಲಿ, ಅಕ್ಕಿ, ಹೆಸರುಬ್ಯಾಳಿ ಹುರದು ಪುಡಿ ಮಾಡಿ ಕುದಿಸೇನ್ರಿ, ಚೂರು ಜೀರಿಗಿ, ಚೂರು ಉಪ್ಪು, ಮತ್ತೇನಿಲ್ಲ, ಎಂದಳು ಸುಲಭಾಬಾಯಿ, ಅಂದ ಮೇಲೆ ತಾನು ಯಾರಿಗೆ ಈ ಜವಾಬು ಕೊಡುತ್ತಿದ್ದೇನೆ ಅನ್ನಿಸಿ ಒಳಗೊಳಗೇ ಉರಿಯಿತು, ಯಾಕೆಂದರೆ ಇವರು, ಅವಳ ಯಜಮಾನರು ಯಜ್ಞೇಶ್ವರರಾಯರು, ಈಗತಾನೇ ನರ್ಸ್ ಕಾವೇರಿ ಬಂದು ಹೊಟ್ಟಿ ಹೆಂಗೈತ್ರಿ ಸರ್ ಅಂದಾಗ ಇಡೀ ಕೋಣೆಗೆ ಕೇಳುವ ಹಾಗೆ ಹೇಳಿದ್ದರು, ಎಲ್ಲಾ ಛಲೋ ಅದ ಸಿಸ್ಟರ್, ಹೊಟ್ಟಿ ಮಾತ್ರ ನಮ್ಮಾಕಿ ಗಂಜಿಯಿಂದ ಸ್ವಲ್ಪ ಸಡಲ ಆಗೇದ, ಒಂದೆರಡು ಸಲ ಅಷ್ಟ, ಆಕಿ ಕೈಗುಣಾ, ಏನು ಮಾಡ್ಲಿಕ್ಕಾಗ್ತದ — ಕಾವೇರಿ ಹೂಂ ಹೂಂ ಅಂತ ಬರೆದುಕೊಂಡು ಔಷಧ ತರಲು ಒಳಗೆ ಹೋಗಿದ್ದಳು, ಒಂದೆರಡು ಸಲ ಅಂತೆ, ಇವರು ಎಷ್ಟು ಸಲ ಎದ್ದು ಹೋಗುತ್ತಾರೆ, ಹೋಗಿ ಏನು ಬಿಟ್ಟು ಬರುತ್ತಾರೆ ಅನ್ನುವುದು ಈ ಭೂಮಿಯ ಮೇಲೆ ಇಬ್ಬರಿಗೇ ಗೊತ್ತು, ಕಾವೇರಿ ವಾಪಸು ಬಂದು ಆ ಔಷಧ ಏರಿಸುವುದರೊಳಗೆ ಹೇಳಿದರೆ ಹೇಳಬೇಕು, ಇಲ್ಲದಿದ್ದರೆ ಹೇಳುವ ಹಾಗೇ ಇಲ್ಲ.

ಕೈಗುಣ, ಆ ಮಾತೇನು ಹೊಸದೇ, ಮದುವೆಯಾಗಿ ಧಾರವಾಡದ ಮಾಳಮಡ್ಡಿಯ ಮನೆಗೆ ಬಂದ ಮೊದಲ ವಾರವೇ ಕಟ್ಟಿನ ಸಾರು ಒಂದು ಗುಟುಕು ಸುರಿದು, ಕಣ್ಣು ಮುಚ್ಚಿ, ತೆರೆದು, ಸಾಧಾರಣ, ಸುಧಾರಣೆಗೆ ಅವಕಾಶ ಅದ, ಎಂದಿದ್ದರು, ಅತ್ತೆ ನಕ್ಕಿದ್ದರು, ತಾನೂ ನಕ್ಕಿದ್ದಳು, ಹೊಸ ಹೆಂಡತಿಗೆ ಗಂಡ ಚಾಷ್ಟಿ ಮಾಡುತ್ತಾನೆಂದರೆ ಅದೂ ಒಂದು ಪ್ರೀತಿಯೇ ಅಂತ ತಿಳಿದು — ರಾಯರು ಸಾಲಿ ಇನ್ಸ್‌ಪೆಕ್ಟರು, ಊರೂರಿನ ಕನ್ನಡ ಶಾಲೆಗೆ ಹೋಗಿ ಹುಡುಗರ ಬಾಯಿಂದ ಮಗ್ಗಿ ಹೇಳಿಸಿ, ಮಾಸ್ತರನ ಬೆವರಿಳಿಸಿ, ಕೊನೆಗೆ ಎರಡು ಸಾಲಿನ ಷರಾ ಬರೆದು ಬರುವುದು ಅವರ ನೌಕರಿ, ಬರೆದೂ ಬರೆದೂ ಅದು ಕೈಯಿಂದ ನಾಲಿಗೆಗೆ ಏರಿತ್ತು, ಹುಳಿಗೊಂದು ಷರಾ, ಪಲ್ಯಕ್ಕೊಂದು ಷರಾ, ಹೋಳಿಗೆಗೆ ಪ್ರಯತ್ನ ಉತ್ತಮ, ಫಲ ಅಷ್ಟಕ್ಕಷ್ಟ, ನೆಂಟರ ಪಂಕ್ತಿಯಲ್ಲಿ ಕೂತರಂತೂ ದನಿ ಏರುತ್ತಿತ್ತು, ನಮ್ಮಾಕಿ ಅಡಿಗಿ ಅಂದ್ರ ಔಷಧ ಇದ್ದಂಗ, ರುಚಿ ಕೇಳಬಾರದು, ನುಂಗಬೇಕು, ಪಂಕ್ತಿಯೆಲ್ಲ ಘೊಳ್ಳೆಂದು ನಕ್ಕು, ವೈನಿ ನೀವು ಮನಸಿಗೆ ಹಚ್ಗೋಬ್ಯಾಡ್ರಿ ಅನ್ನುವುದು, ಅನ್ನುತ್ತಲೇ ಮತ್ತಿಷ್ಟು ಹುಳಿ ಹಾಕಿಸಿಕೊಳ್ಳುವುದು, ಇವರೂ ಎರಡನೇ ಸಲ ಹಾಕಿಸಿಕೊಂಡೇ ಷರಾ ಕೊಡುತ್ತಿದ್ದರಲ್ಲ, ಒಂದು ದಿನವೂ ತಟ್ಟೆಯಲ್ಲಿ ಬಿಟ್ಟು ಎದ್ದವರಲ್ಲ, ಬಿಟ್ಟಿದ್ದರೆ ಒಂದು ಸಮಾಧಾನವಿರುತ್ತಿತ್ತು, ಖರೇನೇ ಸೇರಲಿಲ್ಲ ಅಂತ, ಎಲ್ಲ ತಿಂದು, ಬೆರಳು ನೆಕ್ಕಿ, ಆಮೇಲೆ ಸಾಧಾರಣ — ಮಗಳು ಮಾನಸಿ ಸಣ್ಣಾಕೆ ಇದ್ದಾಗ ಒಂದು ದಿನ ಉಪ್ಪಿಟ್ಟು ಬಾಯಿಗಿಟ್ಟು ಅಪ್ಪನ ಹಾಗೇ ಕಣ್ಣು ಮುಚ್ಚಿ ತೆರೆದು, ಸಾಧಾರಣ ಅದ ಅವ್ವಾ, ಎಂದಿತ್ತು, ಅವತ್ತು ಮಾತ್ರ ಒಲೆಯ ಮುಂದಿನಿಂದ ಎದ್ದು ಮಗುವಿನ ಬೆನ್ನಿಗೆ ಒಂದು ಬಿಟ್ಟಿದ್ದಳು, ಬಿಡಬೇಕಾದದ್ದು ಯಾರಿಗೆ, ಬಿಟ್ಟದ್ದು ಯಾರಿಗೆ, ಆ ಮಗಳು ಈಗ ಬೆಳಗಾವಿಯಲ್ಲಿ ಅತ್ತೆಯ ಮನೆಯಲ್ಲಿ ದಿನಾ ಅಡಿಗೆ ಮಾಡುತ್ತಾಳೆ, ಅಲ್ಲಿ ಅವಳಿಗೆ ಯಾರು ಏನು ಅನ್ನುತ್ತಾರೋ, ಫೋನಿನಲ್ಲಿ ಹೇಳುವುದಿಲ್ಲ.

ಹೋದ ವರ್ಷ ದಸರೆಯ ಮುಂದೆ ಜೋಳದ ಭಕ್ರಿ ಗಂಟಲಲ್ಲಿ ನಿಂತದ್ದು, ಎದೆ ತಟ್ಟಿಕೊಂಡು, ನೀರು ಕುಡಿದು ಇಳಿಸಿಕೊಂಡು, ಎಂಥಾ ಭಕ್ರಿ ಬಡದೀ ಸುಲಭಾ, ಹಂಚಿನ ಮ್ಯಾಲಿಂದ ಎದ್ದು ಬಂದು ಗಂಟಲಾಗ ಕೂಡ್ತದಲಾ, ಅಂದರು, ಅವಳು ಮರುದಿನ ಹಿಟ್ಟಿಗೆ ಕುದಿನೀರು ಹೆಚ್ಚು ಹಾಕಿ ತೆಳ್ಳಗೆ ಬಡಿದಳು, ಅದೂ ನಿಂತಿತು, ಬೆಣ್ಣೆ ಸವರಿದಳು, ನಿಂತಿತು, ಅಮ್ಮಿನಬಾವಿಯಿಂದ ಜೋಳ ತಂದುಕೊಡುವ ಶಿದ್ದಪ್ಪನಿಗೆ ಬೈಗುಳವಾಯಿತು, ಏನ ಜ್ವಾಳ ತಂದೀಯೋ ಮಾರಾಯ, ಅವನು ಪಾಪ ಕೈಮುಗಿದು, ಅದ ಹೊಲದ್ದು ಅದ ಜ್ವಾಳಾರಿ ರಾಯರ, ಹೋದ ವರ್ಷ ಚಪ್ಪರಿಸಿ ಉಂಡ್ರಲ್ರಿ, ಅಂದ, ಭಕ್ರಿ ಬಿಟ್ಟು ಚಪಾತಿಗೆ ಬಂದಳು, ಚಪಾತಿ ಬಿಟ್ಟು ಹಾಲಲ್ಲಿ ನೆನೆಸಿದ ಚಪಾತಿಗೆ, ಅದನ್ನೂ ಬಿಟ್ಟು ಮೆತ್ತಗೆ ಕಿವುಚಿದ ಅನ್ನಕ್ಕೆ, ಪ್ರತಿ ಸಲವೂ ನಾಲ್ಕು ದಿನ ಸರಿಯಾಗಿ ಇಳಿಯುತ್ತಿತ್ತು, ಇಳಿದರೆ ತಾನು ಗೆದ್ದ ಹಾಗೆ, ಇವತ್ತು ಪರವಾಗಿಲ್ಲ ಅಂತ ಒಂದು ಷರಾ ಬಂದರೆ ಅಡಿಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುವುದು, ಇಷ್ಟು ವರ್ಷಕ್ಕೆ ಬಂತಲ್ಲ ಅಂತ, ಎಂಥ ಹುಚ್ಚಿ, ಅವಳು ಮೇಲೆ ಮೆತ್ತಗೆ ಮಾಡುತ್ತ ಹೋದಳು, ಒಳಗೆ ಅದು ಗಟ್ಟಿಯಾಗುತ್ತ ಹೋಯಿತು, ಯಾರಿಗೂ ಗಂಟಲಿನ ವಿಚಾರ ಹೊಳೆಯಲಿಲ್ಲ, ಮನೆಯಲ್ಲಿ ಸಂಕ್ರಮಣ ದಾಟಿದರೂ ಅಡಿಗೆಯ ವಿಚಾರವೇ ನಡೆದಿತ್ತು, ಯುಗಾದಿಯ ದಿನ ಬೇವು ಬೆಲ್ಲದ ನೀರೂ ಇಳಿಯದೆ ಮೂಗಿನಲ್ಲಿ ಬಂದಾಗ ಡಾಕ್ಟರ ಹತ್ತಿರ ಹೋದದ್ದು, ನಳಿಗೆ ಇಳಿಸಿ ನೋಡಿದ ಡಾಕ್ಟರು, ಅನ್ನನಾಳದಾಗ ಇಷ್ಟು ದೊಡ್ಡ ಗಡ್ಡಿ ಅದ, ಇಷ್ಟು ದಿನ ಏನು ಮಾಡಿದ್ರಿ, ಅಂದರೆ ಇವರು ಒಂದಿಷ್ಟೂ ಅಳುಕದೆ, ಅಡಿಗಿ ಸರಿ ಇಲ್ಲ ಅಂತ ತಿಳಕೊಂಡಿದ್ದೆ ಡಾಕ್ಟರ, ಅಂದರು, ಡಾಕ್ಟರು ಇವರನ್ನು ನೋಡಲಿಲ್ಲ, ಅವಳನ್ನು ನೋಡಿದರು.

ಆಮೇಲೆ ಈ ಆಸ್ಪತ್ರೆ, ಈ ಪ್ರಾಚಿ ಡಾಕ್ಟರು, ಸಣ್ಣ ವಯಸ್ಸಿನ ಹುಡುಗಿ, ಮಾತು ಮಾತ್ರ ಕೈಹಿಡಿದು ಮೆಟ್ಟಿಲು ಇಳಿಸಿದ ಹಾಗೆ, ಆಪರೇಶನ್ ನಿಮ್ಮ ಹೃದಯ ತಡಕೊಳ್ಳೂದಿಲ್ಲ ಕಾಕಾ, ಮೂರನ್ನೂ ಕೂಡಿಸಿ ಕೊಡೂಣು, ಕಿಮೊ ಅಂದ್ರ ಗಡ್ಡಿಗೆ ವಿಷ ಹಾಕೂದು, ರೇಡಿಯೇಶನ್ ಅಂದ್ರ ಸುಡೂದು, ಇಮ್ಯುನೊಥೆರಪಿ ಅಂದ್ರ ಬ್ಯಾರೆ, ಅದು ಗಡ್ಡಿಗೆ ತಾನು ಏನೂ ಮಾಡೂದಿಲ್ಲ, ನಿಮ್ಮ ಮೈಯೊಳಗಿನ ಪೋಲೀಸರಿಗೆ ಗಡ್ಡಿ ಕಣ್ಣು ಕಟ್ಟಿಬಿಟ್ಟಿರ್ತದಲಾ, ಆ ಪಟ್ಟಿ ಬಿಚ್ಚತದ, ಆಮ್ಯಾಲೆ ಅವರ ಕೆಲಸ ಅವರು ಮಾಡ್ತಾರ — ಈ ಪೋಲೀಸರ ಕತೆ ಇವರಿಗೆ ಬಹಳ ಹಿಡಿಸಿತು, ಸಾಧನಕೇರಿಯ ವಾಕಿಂಗಿನ ಗೆಳೆಯರಿಗೆಲ್ಲ ಹೇಳಿದ್ದೇ ಹೇಳಿದ್ದು, ಮೊದಲೆರಡು ಹಳೇ ಔಷಧ, ಮೂರನೇದು ಶಾಣ್ಯಾ ಔಷಧ, ಅದಕ್ಕ ಬುದ್ಧಿ ಅದ, ಅಂತ — ಎದೆ ಸುಟ್ಟು ಕಪ್ಪಾಯಿತು, ಸ್ವಂತ ಉಗುಳು ನುಂಗಿದರೆ ಹಸಿಮೆಣಸಿನಕಾಯಿ ಅರೆದು ಸವರಿದ ಹಾಗೆ, ನಾಲಿಗೆಗೆ ಎಲ್ಲ ತುಕ್ಕಿನ ರುಚಿ, ಜೇನುತುಪ್ಪವೂ ತುಕ್ಕು, ಆವಾಗ ಕೂಡ ಬಟ್ಟಲು ದೂಡಿ, ತಾಮ್ರದ ಪಾತ್ರೆಯೊಳಗ ಕುದಿಸೀ ಏನು ಇದನ್ನ, ಅಂದಿದ್ದರು, ಆದರೂ ತಡೆದುಕೊಂಡರು, ಸ್ಕ್ಯಾನಿನಲ್ಲಿ ಗಡ್ಡೆ ಕರಗಿ ಸಣ್ಣದಾಗಿತ್ತು, ಕಿಮೊ ಮುಗಿಯಿತು, ಎಲ್ಲರೂ ಕರೆಂಟು ಅನ್ನುವ ರೇಡಿಯೇಶನ್ ಮುಗಿಯಿತು, ಶಾಣ್ಯಾ ಔಷಧ ಮಾತ್ರ ಉಳಿಯಿತು, ಅದಕ್ಕಾಗಿ ಕೆಲವು ವಾರಕ್ಕೊಮ್ಮೆ ಧಾರವಾಡದಿಂದ ಇಲ್ಲಿಗೆ ಬರುವುದು, ಮತ್ತು ಮೊದಲ ದಿನವೇ ಪ್ರಾಚಿ ಅವಳ ಮುಂಗೈ ಹಿಡಿದು ಹೇಳಿದ್ದು, ಕಾಕೂ ನೀವು ಲಕ್ಷ್ಯ ಇಡ್ರಿ, ಪಟ್ಟಿ ಬಿಚ್ಚಿದ ಪೋಲೀಸರು ಒಮ್ಮೊಮ್ಮೆ ಸ್ವಂತ ಮನಿಗೇ ನುಗ್ತಾರ, ಕರಳಿಗೆ, ಶ್ವಾಸಕೋಶಕ್ಕ, ಜುಲಾಬು ಹೆಚ್ಚಾದ್ರ, ರಕ್ತ ಕಂಡ್ರ, ಉಬ್ಬಸ ಬಂದ್ರ ಲಗೂ ಫೋನ್ ಮಾಡ್ರಿ, ಅಂಗಡ್ಯಾಗಿಂದ ಗುಳಗಿ ತಂದು ನಿಲ್ಲಸಬ್ಯಾಡ್ರಿ, ಕರಳು ತೂತು ಬಿದ್ರ ಕಾಕಾ ಉಳಿಯೂದಿಲ್ಲ — ಇವರೂ ಕೇಳಿದ್ದರು, ಆದರೆ ಇವರು ಏಕನಾಥನನ್ನೂ ನೋಡಿದ್ದರು, ಪೋಸ್ಟ್ ಆಫೀಸಿನ ಏಕನಾಥ, ಇವರ ಜೊತೆಗೇ ಅದೇ ಔಷಧ ತಗೊಳ್ಳುತ್ತಿದ್ದವನು, ಉಬ್ಬಸ ಬರ್ಲಿಕತ್ತದ ಅಂತ ತಾನಾಗಿ ಹೇಳಿದ, ಔಷಧ ನಿಂತಿತು, ಸ್ಟೆರಾಯ್ಡ್ ಕೊಟ್ಟರು, ಉಬ್ಬಸ ಹೋಯಿತು, ಮಳೆಗಾಲ ಮುಗಿಯುವುದರೊಳಗೆ ಗಡ್ಡೆ ತಿರುಗಿ ಬಂದು ಅವನೂ ಹೋದ, ಆ ಸುದ್ದಿ ಕೇಳಿ ಬಂದ ದಿನ ಇವರು ಚಪ್ಪಲಿ ಬಿಡುತ್ತ ಹೇಳಿದ ಮಾತು ಒಂದೇ, ಏಕನಾಥ ಬಾಯಿ ಬಿಟ್ಟು ಸತ್ತ.

ತಮಗೆ ಜುಲಾಬು ಶುರುವಾದಾಗ ಇವರು ಬಾಯಿ ಬಿಡಲಿಲ್ಲ, ಮೊದಲು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಳ್ಳುವುದು ಕಲಿತರು, ಆಮೇಲೆ ಧೋತರ ತಾವೇ ಒಗೆದುಕೊಳ್ಳುವುದು, ಉಂಡ ತಟ್ಟೆ ಎತ್ತಿ ಗೊತ್ತಿಲ್ಲದ ಮನುಷ್ಯ ಬಕೀಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಗೆಯುವುದನ್ನು ಬಾಗಿಲ ಸಂದಿಯಿಂದ ನೋಡಿದಳು, ಬಕೀಟಿನ ನೀರು ದಾಸವಾಳ ಕಿವುಚಿದ ಹಾಗಿತ್ತು, ತಿರುಗಿ ಅವಳನ್ನು ಕಂಡು, ನೋಡಿದೇನು, ಅಂದರು, ನೋಡಿದೆ, ಅಂದಳು, ನೋಡಿಲ್ಲ ಅನ್ನು, ಅಂದರು — ಇವತ್ತು ಮುಂಜಾನೆ ಬಾಡಿಗೆ ಕಾರಿನಲ್ಲಿ ಬರುವಾಗಲೂ ದಾರಿಯಲ್ಲಿ ಪೆಟ್ರೋಲ್ ಪಂಪಿನ ಹತ್ತಿರ ನಿಲ್ಲಿಸಬೇಕಾಯಿತು, ಬಂದು ಕೂತು, ಡ್ರೈವರ್ ಮುಕ್ತಾರನಿಗೆ ಕೇಳದ ಹಾಗೆ ಅವಳ ಕಿವಿಯ ಹತ್ತಿರ ಬಾಗಿ, ಅಲ್ಲೆ ಹೋಗಿ ಬಾಯಿ ತಗೀಬ್ಯಾಡ, ನಿನ್ನ ಗಂಜಿಯಿಂದ ಅಂತೇನಿ, ನೀ ಹೂಂ ಅನ್ನು, ಇಷ್ಟು ವರ್ಷ ಅಂದೇನಿ, ಇನ್ನೊಮ್ಮೆ ಅಂದ್ರ ನಿನಗೇನು ಹರಕತ್ತು — ಹರಕತ್ತೇನೂ ಇಲ್ಲ, ಖರೇ, ಬೇಡಿಕೊಳ್ಳುವಾಗಲೂ ಹೀಗೆ ಬೇಡಿಕೊಂಡರಲ್ಲ, ನನ್ನ ಜೀವ ಉಳಿಸು ಅಂತ ಒಮ್ಮೆ ಅಂದಿದ್ದರೆ ಅವಳು ಊರಿಗೇ ಸಾರುತ್ತಿದ್ದಳು, ಹೂಂ ನನ್ನ ಗಂಜಿಯೇ, ನಾನೇ ಕೆಡಿಸಿದೆ ಅಂತ, ಅನ್ನಲಿಲ್ಲ, ಈಗ ಸುಮ್ಮನಿದ್ದು ಕರುಳು ತೂತು ಬಿದ್ದರೆ ಮಣ್ಣಿಗೆ ಬಂದವರು ಗಂಜಿ ಅಂತಾರೆ, ಹೇಳಿ ಔಷಧ ನಿಂತು ಗಡ್ಡೆ ತಿರುಗಿ ಬಂದರೆ ಹೆಂಡತಿ ಬಾಯಿ ಬಿಟ್ಟಳು ಅಂತಾರೆ, ಯಾವ ದಾರಿಯಿಂದ ಹೋದರೂ ಕೊನೆಯ ಷರಾ ಅವಳ ಪಾಲಿಗೇ, ಹಾಗಿದ್ದ ಮೇಲೆ ಸುಮ್ಮನೇ ಇರಬಾರದೇಕೆ, ಔಷಧ ಏರಲಿ, ಇವರು ಕೇಳಿದ್ದು ಅದೇ ಅಲ್ಲವೇ, ಹೇಳಿದ ಮಾತು ಕೇಳಿದ ಹೆಂಡತಿ ಅನ್ನಿಸಿಕೊಂಡು, ಆಮೇಲೆ ಮಾಳಮಡ್ಡಿಯ ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಒಂದು ಬಿಸಿ ಭಕ್ರಿ, ಮ್ಯಾಲೆ ಬೆಣ್ಣೆ, ಮುರಿದು ಬಾಯಿಗಿಟ್ಟರೆ ಯಾರೂ ಏನೂ ಅನ್ನುವುದಿಲ್ಲ, ಮನೆ ಗಪ್ಪಗೆ — ಈ ವಿಚಾರ ಬಂದದ್ದಕ್ಕೆ ಅವಳು ಬೆಚ್ಚಲಿಲ್ಲ, ಅದನ್ನು ಓಡಿಸಲೂ ಇಲ್ಲ, ಮನೆಗೆ ಬಂದ ಹಳೆಯ ಗೆಳತಿಯನ್ನು ಕೂಡಿಸಿದ ಹಾಗೆ ಕೂಡಿಸಿಕೊಂಡಳು.

ಕಾವೇರಿ ಬಂದಳು, ಟ್ರೇಯಲ್ಲಿ ಔಷಧದ ಸಣ್ಣ ಚೀಲ, ತಂಪಿಗೆ ಅದರ ಮೈ ಬೆವತಿತ್ತು, ಬರುತ್ತಲೇ, ಅಮ್ಮಾರ ಹಿಂಗ ಮಾಡಬಾರದ್ರಿ, ಇಂಥಾ ಪೇಶಂಟಿಗೆ ಕುದಿಸಿ ಆರಿಸಿದ ನೀರ ಹಾಕಬೇಕ್ರಿ, ಭಾಂಡೆ ಬಿಸಿನೀರಾಗ ತೊಳೀಬೇಕು, ಇಷ್ಟ ತ್ರಾಸ ತಗೊಂಡು ಟ್ರೀಟ್‌ಮೆಂಟ್ ಮಾಡಸ್ತೀರಿ, ಮನ್ಯಾಗ ನೀವ ಹಿಂಗ ಮಾಡಿದ್ರ ಹೆಂಗ್ರಿ — ಮಗಳ ವಯಸ್ಸಿನವಳು, ಬೈದದ್ದೂ ಕಕ್ಕುಲಾತಿಯಿಂದಲೇ, ರುಕ್ಮವ್ವ ನಡುವೆ ಬಾಯಿ ಹಾಕಿ, ಇರ್ಲಿ ಬಿಡ್ರಿ ಬಾಯಾರ, ಔಷಧ ಮೈಗೆ ಹತ್ತಿತಂದ್ರ ಹಂಗ ಆಕ್ಕೈತಿ, ಕೆಟ್ಟದ್ದೆಲ್ಲಾ ಹೊರಗ ಬೀಳತೈತಿ, ಅಂದಳು, ಅವಳ ಗಂಡ ಲಕ್ಕಪ್ಪ, ಅವನಿಗೂ ಇದೇ ಅನ್ನನಾಳದ ಬೇನೆ, ಕರೆಂಟಿಗೆ ದನಿ ಸುಟ್ಟು ಹೋದವನು, ಗೊರಗೊರ ಗಂಟಲಿನಲ್ಲಿ, ನಮ್ಮಾಕಿ ಅಂಬ್ಲಿ ಕುಡದ್ರ ಆ ಕೆಟ್ಟದ್ದೂ ಒಳಗ ಗಟ್ಯಾಗಿ ಕುಂದರತೈತ್ರಿ ಸಾಹೇಬ್ರ, ಅದಲು ಬದಲು ಮಾಡೂಣೇನು, ಅಂದ, ಯಾಕ ಗಂಜಿ ಅಷ್ಟ ಯಾಕ, ಹೆಂಡ್ತೀನ ಬದಲ ಮಾಡ್ಕೋ ಅಲಾ ನನ್ನ ಹಾಟ್ಯಾ, ಅಂತ ರುಕ್ಮವ್ವ ಅವನ ತೊಡೆಗೆ ಹೊಡೆದಳು, ನಗೆ ಒಂದು ಖುರ್ಚಿಯಿಂದ ಇನ್ನೊಂದಕ್ಕೆ ದಾಟಿತು, ಸೂಜಿ ಚುಚ್ಚಿಸಿಕೊಂಡವರು, ಕೂದಲುದುರಿದವರು, ಎಲ್ಲರೂ ಬಹಳ ದಿನದ ಮೇಲೆ ಸಿಕ್ಕ ನಗೆ ಅಂತ ಮನಸಾರೆ ನಕ್ಕರು, ಆಗ ಇವರು ಕಣ್ಣು ಮುಚ್ಚಿದರು, ತೆರೆದರು, ಅವಳಿಗೆ ಗೊತ್ತಾಯಿತು ಏನು ಬರುತ್ತದೆ ಅಂತ, ಗೊತ್ತಾಗಿಯೂ ಈ ಒಂದು ಸಲ ಬಾರದಿರಲಿ ಅಂದುಕೊಂಡಳು, ಸುಧಾರಣೆಗೆ ಅವಕಾಶ ಅದ ಸಿಸ್ಟರ್, ಅಂದರು ರಾಯರು, ಕಾವೇರಿಯೂ ನಕ್ಕುಬಿಟ್ಟಳು, ನಗುತ್ತಲೇ ಚೀಲ ಎತ್ತಿ ಕಂಬಿಗೆ ತೂಗುಹಾಕಲು ಕೈ ಮೇಲೆ ಮಾಡಿದಳು.

ರಕ್ತ ಬೀಳ್ಲಿಕತ್ತದ ಸಿಸ್ಟರ್, ಎಂದಳು ಸುಲಭಾಬಾಯಿ, ದನಿ ಅವಳದೇ ಹೌದೋ ಅಲ್ಲವೋ ಅನ್ನುವಷ್ಟು ತಣ್ಣಗಿತ್ತು, ಒಂದೆರಡು ಸಲ ಅಲ್ಲ, ಹಗಲೂ ರಾತ್ರಿ ಅದ, ಇವರು ಮುಚ್ಚಿಟ್ಟಾರ, ಧೋತರ ತಾವ ಒಗದುಕೊಂಡು ಮುಚ್ಚಿಟ್ಟಾರ, ಬರೋ ದಾರ್‍ಯಾಗೂ ಆತು, ಬೇಕಾದ್ರ ಕೆಳಗ ಕಾರ್ ಡ್ರೈವರಗ ಕೇಳ್ರಿ ಗಾಡಿ ಯಾಕ ನಿಂತಿತ್ತು ಅಂತ — ಒಂದೊಂದೇ ಮಾತನ್ನು ಬಡಿಸಿದ ಹಾಗೆ ಹೇಳಿದಳು, ಅವಸರವಿಲ್ಲದೆ, ಯಾವುದೂ ಬಿಟ್ಟುಹೋಗದ ಹಾಗೆ, ಹೇಳುತ್ತ ಹೇಳುತ್ತ ನಾಲಿಗೆಗೆ ಏನೋ ಸಿಹಿ ತಾಗಿದಂತಾಯಿತು, ಉಳಿಸಬೇಕು ಅಂತ ಹೇಳಿದ್ದಲ್ಲ ಇದು, ಅವಳು ಯಾರಿಗಾದರೂ ಸುಳ್ಳು ಹೇಳಬಹುದು, ತನಗೆ ತಾನು ಹೇಳಿಕೊಳ್ಳಲಾರಳು, ಕಾವೇರಿ ಚೀಲವನ್ನು ಎದೆಗೆ ಒತ್ತಿಕೊಂಡು ಓಡಿದಳು, ಪ್ರಾಚಿ ಬಂದು ಇವರ ಹೊಟ್ಟೆ ಒತ್ತಿ ನೋಡಿದಳು, ಹಲ್ಲು ಕಚ್ಚಿದ್ದರೂ ಇವರ ಬಾಯಿಂದ ಒಂದು ಕುಂಯ್ ಬಂತು, ಕಾಕಾ ಇಷ್ಟು ದಿನ ಯಾಕ ಹೇಳಲಿಲ್ಲ, ಅಂದವಳು ಸುಲಭಾಬಾಯಿಯ ಕಡೆ ತಿರುಗಿ, ಇದು ಔಷಧದ್ದು ಕಾಕೂ, ಗಂಜೀದು ಏನೂ ತಪ್ಪಿಲ್ಲ, ಅಂದಳು, ಇನ್ನೊಮ್ಮೆ ಹೇಳ್ರಿ ಡಾಕ್ಟರ, ಇವರಿಗೆ ಸರಿ ಕೇಳಿಸ್ಲಿಕ್ಕಿಲ್ಲ, ಅಂದಳು ಸುಲಭಾಬಾಯಿ, ಪ್ರಾಚಿ ಒಂದು ಗಳಿಗೆ ಅವಳ ಮುಖವನ್ನೇ ನೋಡಿ, ಗಂಜೀದು ತಪ್ಪಿಲ್ಲ ಕಾಕಾ, ಅಂತ ಗಟ್ಟಿಯಾಗಿ ಹೇಳಿದಳು, ಇವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ, ಔಷಧಾ, ಅಂದರು, ಇವತ್ತ ಬ್ಯಾಡ ಕಾಕಾ, ಈಗ ಅಡ್ಮಿಟ್ ಮಾಡಿ ಸ್ಟೆರಾಯ್ಡ್ ಶುರು ಮಾಡ್ತೇವಿ, ಮೊದಲು ಕರಳು ಉಳಿಸೂಣು, ಅಂದಳು, ಮುಂದಿನ ಸಲ ಕೊಡ್ತೀರಲಾ, ಅಂದರು ಇವರು, ಪ್ರಾಚಿ ಸ್ಟೆತಾಸ್ಕೋಪಿನ ನಳಿಗೆಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಇಷ್ಟು ಜೋರಾದ ಮ್ಯಾಲೆ ಅದನ್ನ ಮತ್ತ ಕೊಡ್ಲಿಕ್ಕೆ ಆಗ್ಲಿಕ್ಕಿಲ್ಲ ಕಾಕಾ, ಅಂದಳು, ಮೆಲ್ಲಗೆ ಅಂದಳು, ಆದರೂ ಆ ಸಾಲಿನ ಎಲ್ಲ ಖುರ್ಚಿಗಳಿಗೂ ಕೇಳಿಸಿತು, ಲಕ್ಕಪ್ಪ ಮುಖ ಗೋಡೆಗೆ ಹೊರಳಿಸಿದ, ರುಕ್ಮವ್ವ ತನ್ನ ಸೀರೆಯ ಅಂಚನ್ನು ಸುಲಭಾಬಾಯಿಯ ಕಾಲಿಗೆ ತಾಗದ ಹಾಗೆ ಹತ್ತಿರಕ್ಕೆ ಎಳೆದುಕೊಂಡಳು, ಪ್ರಾಚಿ ವಾರ್ಡಿಗೆ ಫೋನು ಮಾಡಲು ಹೋದಳು.

ಸಮಾಧಾನ ಆತೇನು, ಅಂದರು ರಾಯರು, ಅವಳನ್ನು ನೋಡದೆ. ಆತ್ರಿ, ಅಂದಳು. ಆಗಿತ್ತು, ಖರೇನೇ ಆಗಿತ್ತು, ಎದೆಯಲ್ಲಿ ಏನೋ ಕೆಳಗೆ ಇಳಿದು ಕೂತಿತ್ತು, ಅದು ಸಮಾಧಾನವೋ ಮತ್ತೊಂದೋ ತೆಗೆದು ನೋಡುವ ಧೈರ್ಯ ಬರಲಿಲ್ಲ, ಅಷ್ಟರಲ್ಲಿ ವಾರ್ಡ್‌ಬಾಯ್ ಮಕ್ತುಮಸಾಬ ಬಂದು, ಬಂದ ಕೂಡಲೇ ಇವರ ಕೈಗೆ ಹಚ್ಚಿದ್ದ ಸಲೈನಿನ ಬಾಟಲಿಯನ್ನು ಕಂಬಿಯಿಂದ ಬಿಡಿಸಿ ಇವರ ತೊಡೆಯ ಮೇಲಿಟ್ಟು, ಗಾಲಿಖುರ್ಚಿ ತರಲು ಹೋದ, ಹೋದವನು ಬರಲಿಲ್ಲ, ಬಾಟಲಿ ಕೆಳಗೆ ಬಂತಲ್ಲ, ಮುಂಗೈಯ ಸೂಜಿಯ ಬಾಯಲ್ಲಿ ಒಂದು ಕೆಂಪು ಚುಕ್ಕೆ ಕಂಡಿತು, ಕಂಡದ್ದು ನಳಿಗೆಯೊಳಗೆ ಎಳೆಯಾಗಿ ಹಿಂದಕ್ಕೆ ಹರಿಯತೊಡಗಿತು, ತಿಳಿನೀರಿನ ನಳಿಗೆಯಲ್ಲಿ ಇವರ ರಕ್ತ ಸಾವಕಾಶ ಮೇಲೇರುತ್ತಿತ್ತು, ಬಾಟಲಿ ಎತ್ತಿ ಹಿಡಿದರೆ ತಿರುಗಿ ಒಳಗೆ ಹೋಗುತ್ತದೆ, ಈ ಕೋಣೆಯಲ್ಲಿ ಕೂತು ಕೂತು ಅಷ್ಟು ಅವಳಿಗೂ ಗೊತ್ತು, ಎದ್ದು ನಿಂತಳು, ಬಾಟಲಿಗೆ ಕೈ ಹಾಕಿದಳು, ಕೊಡ್ರಿ, ಎತ್ತಿ ಹಿಡೀತೇನಿ. ಇವರು ಎರಡೂ ಕೈಯಲ್ಲಿ ಬಾಟಲಿಯನ್ನು ತೊಡೆಗೆ ಒತ್ತಿ ಹಿಡಿದರು. ಅವಳು ಎಳೆದಳು. ಇವರು ಬಿಡಲಿಲ್ಲ. ಕೆಂಪು ಎಳೆ ನಳಿಗೆಗುಂಟ ಮೊಣಕೈ ದಾಟಿತು. ಮತ್ತೆ ಎಳೆದಳು. ಬಿಡಲಿಲ್ಲ. ಕೆಂಪು ಏರುತ್ತಿತ್ತು.